ಪಾದ್ರಿಗಳ ಕನ್ನಡವೂ ಕೇಳುವವರ ನಂಬುಗೆಯೂ

ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆಯುವವರು ಕ್ರೈಸ್ತ ಪಾದ್ರಿಗಳ ಸೇವೆಯನ್ನು ನೆನೆಯದೆ ಮುಂದೆ ಹೋಗುವುದಿಲ್ಲ. ಮೊದಲನೆಯ ವೃತ್ತಪತ್ರಿಕೆ, ಹಳೆಯ ಕಾವ್ಯಗಳ ಮುದ್ರಣ, ಲಕ್ಷಣಗ್ರಂಥಗಳ ಪರಿಷ್ಕರಣ, ಮಹಾನಿಘಂಟು ಎಂದು ಪಟ್ಟಿಯನ್ನು ಕೊಟ್ಟು, ಕೃತಜ್ಞತೆಯ ಎರಡು ಮಾತುಗಳನ್ನು ಹೇಳಿ, ಮುಂದಿನ ಅಧ್ಯಾಯಕ್ಕೆ ನಡೆಯುವುದು ವಾಡಿಕೆಯಾಗಿದೆ. ಆದರೆ ಈ ಮಹನೀಯರು ಸಮುದ್ರವನ್ನು ದಾಟಿ ಬಂದುದು ನಿಘಂಟನ್ನು ಬರೆಯುವುದಕ್ಕಲ್ಲ. ಅವರು ಬಂದುದು ತಮ್ಮ ಮತವನ್ನು ಬೋಧಿಸುವುದಕ್ಕೆ. ಉಳಿದುದೆಲ್ಲವೂ ಆ ದಾರಿಯಲ್ಲಿ ಒದಗಿದ ಕೆಲಸ. ಹಾಗಿರಲಾಗಿ ಅವರ ಮುಖ್ಯ ಮಾತನ್ನು ಕೇಳಿದ ಕನ್ನಡಿಗರು ಅದನ್ನು ನಂಬತಕ್ಕ ಮಾತೆಂದು ಎಷ್ಟರ ಮಟ್ಟಿಗೆ ಎಣಿಸಿದರು, ಆ ನಂಬುಗೆ ಯಾವುದರಿಂದ ಹುಟ್ಟಿತು, ಯಾವುದರಿಂದ ಕೆಟ್ಟಿತು ಎಂಬುದನ್ನು ವಿಚಾರಿಸುವುದು ಅಪ್ರಕೃತವಾಗಲಾರದು. ಈ ಲೇಖನದಲ್ಲಿ ಅಷ್ಟನ್ನು ಮಾತ್ರ ಯತ್ನಿಸಿದೆ.

ನಮ್ಮ ನುಡಿಯೇ ಈ ವಿಚಾರಕ್ಕೆ ಒಂದು ದಾರಿಯನ್ನು ತೋರಿಸುತ್ತದೆ. ದೇವರಲ್ಲಿ ಇಡುವುದೂ ನಂಬಿಕೆಯೇ, ಪೇಟೆಯ ಸಾಹುಕಾರನಲ್ಲಿ ಇಡುವುದೂ ನಂಬಿಕೆಯೇ. ಒಬ್ಬನನ್ನು ನಂಬಿಕಸ್ಥನೆಂದರೆ ಅವನ ಮತಸಿದ್ಧಾಂತವನ್ನು ಒಪ್ಪಿದಂತಲ್ಲ. ಅವನು ಹೇಳಿದ ಲೆಕ್ಕ ತಪ್ಪುವುದಿಲ್ಲವೆಂದು ಅರ್ಥ. ಮೊದಲನೆಯ ನಂಬಿಕೆಯನ್ನು ಬೇಡಿ ಬಂದವರಿಗೆ ಜನರು ಎರಡನೆಯದನ್ನು ಕೊಡಬಹುದು, ಕೊಡದೆಯೂ ಇರಬಹುದು. ಪಾದ್ರಿಗಳ ಚರಿತ್ರೆಯಲ್ಲಿ ಈ ಎರಡು ಅರ್ಥಗಳೂ ಕೂಡಿಯೂ ಅಗಲಿಯೂ ನಡೆದಿರುವುದು ಕಾಣಬರುತ್ತದೆ.

ಕನ್ನಡ ನಾಡಿಗೆ ಈ ಪ್ರಶ್ನೆ ಬ್ರಿಟಿಷರ ಕಾಲಕ್ಕಿಂತ ಬಹು ಮುಂಚಿತವಾಗಿಯೇ ಬಂದಿತು. ರಾಬರ್ಟ್ ನೋಬಿಲಿ ಎಂಬ ಇಟಲಿ ದೇಶದ ಜೆಸ್ವಿತ್ ಪಾದ್ರಿಯು 1606ರಲ್ಲಿ ಮಧುರೆಗೆ ಬಂದು, ಕಾವಿಯನ್ನುಟ್ಟು, ಮಾಂಸವನ್ನು ಬಿಟ್ಟು, ತಾನು ಪರಂಗಿಯವನಲ್ಲ, ರೋಮಾಪುರಿಯ ಕುಲೀನನಾದ ಸಂನ್ಯಾಸಿ ಎಂದು ಹೇಳಿಕೊಂಡು ಬೋಧಿಸತೊಡಗಿದನು. ಇದೇ ಮಾರ್ಗವನ್ನು ಹಿಡಿದ ಲಿಯೊನಾರ್ಡೊ ಚಿನ್ನಾಮಿ ಎಂಬುವನು ಶತಮಾನದ ನಡುವಿನಲ್ಲಿ, ಕಂಠೀರವ ನರಸರಾಜ ಒಡೆಯರು ಆಳುತ್ತಿದ್ದ ಕಾಲದಲ್ಲಿ, ಶ್ರೀರಂಗಪಟ್ಟಣವನ್ನು ಸೇರಿ ಮೈಸೂರು ಸೀಮೆಯ ಮಿಷನನ್ನು ಸ್ಥಾಪಿಸಿದನು. ಕನ್ನಡದಲ್ಲಿ ವ್ಯಾಕರಣವನ್ನೂ ನಿಘಂಟನ್ನೂ ಧರ್ಮಬೋಧೆಯ ಗ್ರಂಥಗಳನ್ನೂ ಅವನು ರಚಿಸಿದನೆಂದು ಆ ಸಂಘದ ಚರಿತ್ರೆಗಳಿಂದ ತಿಳಿಯಬರುತ್ತದೆ. ಆಡುವ ಮಾತು ನಂಬುಗೆಗೆ ಪಾತ್ರವಾಗಬೇಕಾದರೆ ಆಡುವವನ ವೇಷ, ಊಟ, ನಡೆ ಇವು ಕೇಳುವವರ ಕಣ್ಣಿಗೆ ಶುಚಿಯಾಗಿರಬೇಕೆಂಬುದು ಇವರ ಮತ. ಈ ತತ್ತ್ವದಲ್ಲಿ ವಿವೇಕವಿದೆ. ಅಪಾಯವೂ ಇದೆ. ಪರಂಗಿಯಲ್ಲವೆಂಬ ಮಾತು ಒಂದರ್ಥದಲ್ಲಿ ನಿಜ, ಇನ್ನೊಂದರ್ಥದಲ್ಲಿ ಜಾಣತನ. ಕೇಳಿದವರು ಎರಡನೆಯದನ್ನು ಕಂಡುಕೊಂಡ ದಿನ ಮೊದಲನೆಯದೂ ಮುಳುಗುವುದು.

ಅಪಾಯದ ಕಡೆಯ ಮಜಲನ್ನು ನೋಡಬೇಕೆಂದರೆ ‘ಎಜುರ್ವೇದ’ವೆಂಬ ಗ್ರಂಥದ ಕಥೆಯನ್ನು ನೆನೆಯಬಹುದು. ವೇದದ ಹೆಸರನ್ನು ಹೊತ್ತು, ವಿಗ್ರಹಾರಾಧನೆಯನ್ನು ಖಂಡಿಸಿ, ಏಕದೇವತಾವಾದವನ್ನು ಹೇಳುವ ಈ ಫ್ರೆಂಚು ಗ್ರಂಥವನ್ನು ವಾಲ್ಟೇರನಂಥವನೇ ಪುರಾತನ ಭಾರತೀಯ ಗ್ರಂಥವೆಂದು ನಂಬಿ ಹೊಗಳಿದನು. ಅದು 1778ರಲ್ಲಿ ಮುದ್ರಿತವಾಯಿತು. ದ್ರಾವಿಡ ಭಾಷೆಗಳ ಸಂಬಂಧವನ್ನು ಮೊದಲು ಎತ್ತಿ ತೋರಿಸಿದ ಎಲ್ಲಿಸ್ ದೊರೆಯು ಪುದುಚೇರಿಯ ಹಸ್ತಪ್ರತಿಗಳನ್ನು ಪರಿಶೀಲಿಸಿ ಬರೆದ ಲೇಖನ 1822ರಲ್ಲಿ ಪ್ರಕಟವಾದ ಮೇಲೆ ಇದು ಜೆಸ್ವಿತರ ಕೈಯ ರಚನೆಯೆಂಬುದು ವಿದ್ವಾಂಸರಿಗೆ ಸ್ಪಷ್ಟವಾಯಿತು. ಎಲ್ಲಿಸನು ನೋಬಿಲಿಯ ಮೇಲೆ ಅಪವಾದವನ್ನು ಹೊರಿಸಿದುದು ಸರಿಯಲ್ಲವೆಂದು ಈಚಿನವರು ತೋರಿಸಿದ್ದಾರೆ. ಬರೆದವರು ಯಾರೇ ಆಗಿರಲಿ, ಅದರಿಂದ ಕೆಟ್ಟ ಹೆಸರು ಒಬ್ಬರಿಗೆ ಮಾತ್ರ ಬಂದುದಲ್ಲ.

ಇನ್ನು ಮೈಸೂರಿನ ಜನಕ್ಕೆ ಚೆನ್ನಾಗಿ ಪರಿಚಿತರಾಗಿದ್ದ ಅಬೆ ದುಬಾಯ್ ಅವರ ವಿಷಯ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಈ ಫ್ರೆಂಚು ಪಾದ್ರಿಗಳು ಮೈಸೂರು ಸೀಮೆಗೆ ಬಂದು, ಚದರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿ, ನಮ್ಮ ಉಡುಪನ್ನುಟ್ಟು, ನಮ್ಮ ಊಟವನ್ನುಂಡು, ಇಪ್ಪತ್ತು ವರ್ಷಗಳಿಗೂ ಮಿಕ್ಕು ಬಾಳಿದರು. 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದವರೇ ಆ ವರ್ಷವೇ ಲಂಡನ್ನಿನಲ್ಲಿ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳೆಂಬ ಪುಸ್ತಕವನ್ನು ಪ್ರಕಟಿಸಿದರು. ಆಯುಷ್ಯದ ಬಹುಭಾಗವನ್ನು ಮತಪ್ರಸಾರದಲ್ಲಿ ಕಳೆದವರು, ಈಗಿನ ಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸವೆಂದು ಅದರಲ್ಲಿ ಸಾಧಿಸುತ್ತಾರೆ. ದೇಶಭಾಷೆಗಳಿಗೆ ಬೈಬಲನ್ನು ಅವಸರದಿಂದ ಭಾಷಾಂತರಿಸಿ ಹಂಚುವುದನ್ನಂತೂ ಕಟುವಾಗಿ ಖಂಡಿಸುತ್ತಾರೆ: ಕೀಳು ಶೈಲಿಯ ಆ ಪುಸ್ತಕಗಳನ್ನು ಓದಿದ ವಿದ್ಯಾವಂತನಿಗೆ ಭಕ್ತಿ ಹುಟ್ಟುವುದಿಲ್ಲ, ತಾತ್ಸಾರ ಹುಟ್ಟುತ್ತದೆ ಎಂದು ಅವರ ವಾದದ ಸಾರ.

ದಾರಿ ತಪ್ಪಿದ ಮಗನ ದೃಷ್ಟಾಂತವನ್ನು ಕುರಿತು ಅವರು ಹೇಳುವ ಒಂದು ಸಂಗತಿ ಇಲ್ಲಿ ಮುಖ್ಯವಾದುದು. ಮನೆಗೆ ಮರಳಿದ ಮಗನಿಗಾಗಿ ತಂದೆಯು ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣವನ್ನು ಮಾಡಿದನೆಂದು ಮೂಲದಲ್ಲಿದೆ. ಈ ಮಾತು ಕಿವಿಗೆ ಬಿದ್ದರೆ ಹಿಂದೂಗಳು ಜುಗುಪ್ಸೆಪಡುವರೆಂದು ಅವರ ಸಭೆಯ ಕ್ರೈಸ್ತರೇ ಎಚ್ಚರಿಸಿ, ಕರುವಿನ ಎಡೆಯಲ್ಲಿ ಕುರಿಮರಿಯನ್ನು ಹೇಳಬೇಕೆಂದು ಸೂಚಿಸಿದರಂತೆ. ಈಗ ಬಳಕೆಯಲ್ಲಿರುವ ಕನ್ನಡ ಸತ್ಯವೇದವನ್ನು ತೆರೆದು ಆ ಸ್ಥಳವನ್ನು ನೋಡಿದರೆ ಅಲ್ಲಿ ಕರುವೇ ಇದೆ. ಕೇಳುವವನ ಎದೆಗೆ ಒರಟಾಗುವುದನ್ನು ತೆಗೆದು ಹೇಳಿದರೆ ಮಾತು ಒಳಗೆ ಇಳಿಯುತ್ತದೆಂದು ಒಂದು ಪಕ್ಷ. ಗ್ರಂಥದಲ್ಲಿದ್ದುದನ್ನು ಬದಲಿಸಿ ಹೇಳುವವನನ್ನು ನಂಬುವುದು ಹೇಗೆಂದು ಇನ್ನೊಂದು ಪಕ್ಷ. ಕುರಿಮರಿಯನ್ನು ಕೇಳಿ ಒಪ್ಪಿದವನು ಒಂದು ದಿನ ಪುಸ್ತಕವನ್ನು ಓದಲು ಕಲಿತು ಕರುವನ್ನು ಕಂಡರೆ ಏನಾದೀತು? ನನಗೆ ತೋರುವ ಮಟ್ಟಿಗೆ ಎರಡನೆಯ ಪಕ್ಷವೇ ಗಟ್ಟಿಯಾದುದು. ಆದರೂ ಮೊದಲನೆಯವರು ಜನರ ನಡುವೆ ಹೆಚ್ಚು ದಿನ ಬಾಳಿದ್ದವರೆಂಬುದನ್ನು ಮರೆಯಕೂಡದು. ಪ್ರಸಂಗವಶಾತ್ ಹೇಳುವುದಾದರೆ, ಹಿಂದೂ ಜನರ ನಡೆವಳಿಕೆಗಳನ್ನು ಕುರಿತು ದುಬಾಯ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಗ್ರಂಥದ ಬಹುಭಾಗವು ಕೂರ್ದೂ ಎಂಬ ಹಿಂದಿನ ಜೆಸ್ವಿತ್ ಪಾದ್ರಿಯ ಬರಹದಿಂದ ತೆಗೆದುದೆಂದು ಸಿಲ್ವಿಯಾ ಮ್ಯೂರ್ ಎಂಬ ವಿದುಷಿ 1987ರಲ್ಲಿ ಸಾಧಿಸಿ ತೋರಿಸಿದರು. ನಂಬುಗೆಯ ವಿಚಾರವನ್ನು ಬರೆಯುವಾಗ ಇದನ್ನು ಮುಚ್ಚಿಡುವುದು ನ್ಯಾಯವಲ್ಲ.

ಪ್ರಾಟೆಸ್ಟಂಟರು ವೇಷವನ್ನು ಬಿಟ್ಟು ಪುಸ್ತಕವನ್ನು ಹಿಡಿದರು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ರೀವ್ ಮೊದಲಾದವರ ಸಹಾಯದಿಂದ 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡದಲ್ಲಿ ತಂದರು. ಸಿರಾಂಪುರದಿಂದ ಕೇರಿಯ ಹೊಸ ಒಡಂಬಡಿಕೆಯೂ 1823ರಲ್ಲಿ ಹೊರಟಿತ್ತು. ಆಮೇಲೆ ಬಾಸೆಲ್ ಮಿಷನ್ನಿನ ವೈಗ್ಲೆ ಮುಂತಾದವರು ಕೂಡಿ ಪರಿಷ್ಕರಣಕ್ಕೆ ಕೈಯಿಟ್ಟರು. ಇವರ ಬಳಿ ಕುಳಿತು ಒಂದೊಂದು ಪದವನ್ನೂ ತೂಗಿಕೊಟ್ಟ ಮುನ್ಷಿಗಳ ಹೆಸರುಗಳು ಮುಖಪತ್ರಗಳಲ್ಲಿಲ್ಲ.

ಪದಗಳ ಆಯ್ಕೆಯಲ್ಲಿ ಇವರು ಪಟ್ಟ ಕಷ್ಟವನ್ನು ಭಾಷಾಧ್ಯಾಪಕರು ಹೆಚ್ಚಾಗಿ ಗಮನಿಸಿಲ್ಲ. ಕ್ರಿಸ್ತನು ಅವತಾರವೆಂದರೆ ಕೇಳುವವನು ಹತ್ತರ ಜತೆಗೆ ಹನ್ನೊಂದನೆಯದೆಂದು ಸುಲಭವಾಗಿ ಒಪ್ಪಿ ಮನೆಗೆ ಹೋಗುತ್ತಾನೆ; ಬೋಧಕನಿಗೆ ಬೇಕಾದುದು ಅದಲ್ಲ. ಯೋಹಾನನ ಸುವಾರ್ತೆಯಲ್ಲಿ ಮನುಷ್ಯನು ಮತ್ತೆ ಹುಟ್ಟಬೇಕೆಂಬ ಮಾತಿದೆ. ಅದನ್ನು ಪುನರ್ಜನ್ಮವೆಂದು ಬರೆದಿದ್ದರೆ ಕರ್ಮಸಿದ್ಧಾಂತವನ್ನೇ ಬೋಧಿಸಿದಂತಾಗುತ್ತಿತ್ತು. ಭಾಷಾಂತರಕಾರರು ‘ಹೊಸದಾಗಿ ಹುಟ್ಟು’ವುದೆಂದು ಅಚ್ಚಗನ್ನಡದಲ್ಲಿ ಹೇಳಿ ಗಂಡವನ್ನು ದಾಟಿದರು. ಆದರೆ ಅದೇ ಸುವಾರ್ತೆಯ ಮೊದಲನೆಯ ಮಾತಿನಲ್ಲಿ ‘ವಾಕ್ಯ’ವೆಂಬ ಪದವನ್ನು ಇಟ್ಟುದು ಅಷ್ಟು ಸಮರ್ಪಕವಾಗಲಿಲ್ಲ, ವ್ಯಾಕರಣವನ್ನು ಓದಿದವನಿಗೆ ಅದು ಕರ್ತೃಕರ್ಮಕ್ರಿಯೆಗಳ ನೆನಪನ್ನು ತರುವುದೇ ಹೊರತು ಶಬ್ದಬ್ರಹ್ಮದ ನೆನಪನ್ನಲ್ಲ. ಬಹುಶಃ ಶಬ್ದಬ್ರಹ್ಮದ ನೆನಪು ಬಾರದಿರಲಿ ಎಂಬುದೇ ಅವರ ಉದ್ದೇಶವಿದ್ದೀತು. ‘ದೀಕ್ಷಾಸ್ನಾನ’ವೆಂಬ ಸಮಾಸವಾದರೋ ಬಹು ಸೊಗಸಾದುದು: ದೀಕ್ಷೆಯೆಂದರೆ ಏನೆಂಬುದು ವೀರಶೈವನಿಗೂ ವೈದಿಕನಿಗೂ ತಿಳಿದಿತ್ತು, ಸ್ನಾನವು ಎಲ್ಲರಿಗೂ ತಿಳಿದಿತ್ತು, ಎರಡೂ ಕೂಡಿ ಹೊಸ ಅರ್ಥ ಹುಟ್ಟಿತು. ‘ಶಿಲುಬೆ’ ಸಿರಿಯಾ ದೇಶದ ಭಾಷೆಯಿಂದ ನೆರೆಯ ನುಡಿಗಳ ಮೂಲಕ ಬಂದುದು, ‘ಪಾದ್ರಿ’ ಪೋರ್ತುಗೀಸರಿಂದ ಬಂದುದು. ಇವು ಪರಕೀಯವಾಗಿಯೇ ಉಳಿದು ಪರಿಚಿತವಾದುವು.

ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರಲ್ಲಿ ಕಲ್ಲಿಕೋಟೆಯಲ್ಲಿಳಿದು ಮಂಗಳೂರನ್ನು ಸೇರಿದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಠಾಣೆಗಳಾದುವು. ಇವರು ಜಾತ್ರೆಗಳಲ್ಲಿ, ಸಂತೆಗಳಲ್ಲಿ, ಗುಡಿಗಳ ಎದುರಿನಲ್ಲಿ ನಿಂತು ಬೋಧಿಸಿದರು, ವಾದ ಮಾಡಿದರು, ಕೆಲವು ವೇಳೆ ಮಣ್ಣಿನ ಏಟನ್ನೂ ತಿಂದರು. ಹುಬ್ಬಳ್ಳಿಯ ಕಡೆಯಲ್ಲಿ ಒಂದು ವಿಚಿತ್ರ ಸಂಗತಿ ನಡೆಯಿತು. ಕಾಲಜ್ಞಾನದ ವಚನಗಳನ್ನು ನಂಬಿಕೊಂಡಿದ್ದ ಒಂದು ಪಂಗಡದವರು, ತಮ್ಮ ಗ್ರಂಥದಲ್ಲಿ ಮುಂದೆ ಬರುವನೆಂದು ಹೇಳಿರುವವನಿಗೂ ಪಾದ್ರಿಗಳು ಹೇಳುವ ಕ್ರಿಸ್ತನಿಗೂ ಹೋಲಿಕೆಯನ್ನು ಕಂಡು ಇವರನ್ನು ಸಮೀಪಿಸಿದರು. ಪಾದ್ರಿಗಳ ಹರ್ಷಕ್ಕೆ ಪಾರವಿಲ್ಲವಾಯಿತು. ಸಾವಿರಾರು ಜನ ಒಮ್ಮೆಗೇ ಬರುವರೆಂದು ಸ್ವದೇಶಕ್ಕೆ ವರದಿಗಳು ಹೋದುವು. ಇವರಿಗಾಗಿ 1841ರಲ್ಲಿ ಗದಗು ಬೆಟಗೇರಿಗಳ ಸಮೀಪದ ಮಲ್ಲಸಮುದ್ರದಲ್ಲಿ ನೆಲವನ್ನು ಹಿಡಿದು ಒಂದು ವಸತಿಯನ್ನೂ ಏರ್ಪಡಿಸಿದರು. ಕಾಲಜ್ಞಾನಿಗಳು ಬರಲಿಲ್ಲ. ಮಾತುಗಳೆರಡೂ ಕೂಡುವಂತೆ ಕಂಡಿದ್ದವು, ಅರ್ಥಗಳು ಕೂಡಿರಲಿಲ್ಲ. ಒಬ್ಬರು ತಮ್ಮ ವಚನವು ನಿಜವಾಯಿತೆಂಬುದಕ್ಕೆ ಸಾಕ್ಷಿಯನ್ನು ಹುಡುಕುತ್ತಿದ್ದರು, ಇನ್ನೊಬ್ಬರು ಅದೇ ವಚನವನ್ನು ಮೆಟ್ಟಿಲು ಮಾಡಿಕೊಳ್ಳಲು ನೋಡುತ್ತಿದ್ದರು.

ಹರ್ಮನ್ ಮೋಗ್ಲಿಂಗರು 1836ರಲ್ಲಿ ಬಂದರು. ಟ್ಯೂಬಿಂಗನ್ನಿನಲ್ಲಿ ಓದಿದ ಈ ವಿದ್ವಾಂಸರ ಮಾರ್ಗ ಬೇರೆಯಾಗಿತ್ತು. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವು ಆರಂಭವಾಯಿತು. 1843ನೆಯ ಜುಲೈ 1ರಂದು ‘ಮಂಗಳೂರ ಸಮಾಚಾರ’ವು ಹೊರಟಿತು. ಪಕ್ಷಕ್ಕೊಮ್ಮೆ ಬರುತ್ತಿದ್ದ ಈ ಪತ್ರಿಕೆಗೆ ಬೆಲೆ ಒಂದು ದುಡ್ಡು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಊರ ವರ್ತಮಾನ, ಸರಕಾರದ ನಿರೂಪಗಳು, ದೂರ ದೇಶಗಳ ಸಂಗತಿ, ನೀತಿಯ ಮಾತು, ಕಥೆ ಇವು ಅದರಲ್ಲಿ ಇರುತ್ತಿದ್ದುವು. ಇದನ್ನು ಕನ್ನಡ ಪತ್ರಿಕೋದ್ಯಮದ ಆದಿಯೆಂದು ನಾವು ಕೊಂಡಾಡುತ್ತೇವೆ, ಯುಕ್ತವೇ. ನಮ್ಮ ವಿಷಯಕ್ಕೆ ಅದರ ಮಹತ್ತ್ವ ಬೇರೆ. ಪರಲೋಕದ ಸಂಗತಿಯನ್ನು ಹೇಳುವವನ ಮಾತನ್ನು ಇಹಲೋಕದಲ್ಲಿ ಒರೆಗೆ ಹಚ್ಚಿ ನೋಡುವ ಬಗೆಯಿಲ್ಲ. ಪೇಟೆಯಲ್ಲಿ ನಡೆದುದು, ಕಚೇರಿಯಿಂದ ಹೊರಟ ಹುಕುಮು ಇವನ್ನು ಅಚ್ಚು ಹಾಕಿ ಮಾರುವವನ ಮಾತನ್ನು ಯಾವನಾದರೂ ಆ ಸಂಜೆಯೇ ವಿಚಾರಿಸಿ ನೋಡಬಹುದು. ಹದಿನೈದು ದಿನಕ್ಕೊಮ್ಮೆ ಹೀಗೆ ಪರೀಕ್ಷೆಗೆ ನಿಲ್ಲುವುದನ್ನು ಪಾದ್ರಿಯೊಬ್ಬರು ತಾವಾಗಿಯೇ ಒಪ್ಪಿಕೊಂಡರು.

ಇದಕ್ಕಿಂತಲೂ ದೊಡ್ಡದು ‘ಬಿಬ್ಲಿಯೋಥಿಕಾ ಕರ್ಣಾಟಿಕಾ’ ಮಾಲೆ. ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ನಿವೃತ್ತ ಅಧಿಕಾರಿ ಕ್ಯಾಸಮೇಜರ್ ದೊರೆಯ ಧನಸಹಾಯದಿಂದ 1848ರಿಂದ ಐದಾರು ವರ್ಷಗಳಲ್ಲಿ ಜೈಮಿನಿ ಭಾರತ, ಬಸವಪುರಾಣ, ಚನ್ನಬಸವಪುರಾಣ, ದಾಸರ ಪದಗಳು ಮೊದಲಾದುವು ಕಲ್ಲಚ್ಚಿನಲ್ಲಿ ಹೊರಬಂದುವು. ಕಲ್ಲಚ್ಚಿನ ಪುಟದಲ್ಲಿ ಲಿಪಿಕಾರನ ಕೈಬರಹವೇ ಮೂಡುವುದರಿಂದ ಓಲೆ ಕಡತಗಳಿಗೆ ಒಗ್ಗಿದ್ದ ಕಣ್ಣಿಗೆ ಅದು ಸೀಸದ ಅಕ್ಷರದಷ್ಟು ಅನ್ಯವಾಗಿ ಕಾಣುತ್ತಿರಲಿಲ್ಲ. ಟ್ಯೂಬಿಂಗನ್ ವಿಶ್ವವಿದ್ಯಾಲಯವು ಈ ಕೆಲಸಕ್ಕಾಗಿ 1858ರಲ್ಲಿ ಮೋಗ್ಲಿಂಗರಿಗೆ ಗೌರವ ಪದವಿಯನ್ನಿತ್ತಿತು. ಶಿವಭಕ್ತರ ಪುರಾಣವನ್ನು ಕ್ರೈಸ್ತ ಮಿಷನ್ನು ಅಚ್ಚು ಹಾಕಿಸುವುದೆಂದರೆ ಸ್ವಪಕ್ಷದವರಿಗೆ ಹೇಗೆ ಕಂಡಿರಬೇಡ! ಜನರ ಮನಸ್ಸನ್ನು ಅರಿಯದೆ ಅವರಿಗೆ ಬೋಧಿಸುವುದು ವ್ಯರ್ಥವೆಂಬುದೇ ಅದಕ್ಕೆ ಸಮಾಧಾನ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಪಾದ್ರಿಗಳ ಈ ವಿದ್ಯಾಸೇವೆಯೆಲ್ಲವೂ ಮೀನಿಗೆ ಒಡ್ಡಿದ ಗಾಳದ ಹುಳುವೆಂದು ಕೆಲವರು ಹೇಳುವುದುಂಟು. ಉದ್ದೇಶವನ್ನು ಅವರು ಮುಚ್ಚಿಟ್ಟವರಲ್ಲ. ಅರಿಯುವುದು ಗೆಲ್ಲುವುದಕ್ಕೆಂದೇ ಇತ್ತು. ಆದರೆ ಹುಳುವಾಗಿದ್ದರೆ ಅಷ್ಟು ಶ್ರಮ ಬೇಕಾಗಿರಲಿಲ್ಲ. ಪಾಠವನ್ನು ಶುದ್ಧಿಮಾಡುವ ಕೆಲಸದಲ್ಲಿ ಉದ್ದೇಶವೊಂದೇ ಸಾಲದು. ಬಸವಪುರಾಣದ ಒಂದು ಷಟ್ಪದಿ ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಜಂಗಮರೂ ಪುರಾಣಿಕರೂ ನೋಡಿ ಹೇಳಬಲ್ಲರು. ಆ ಪುಸ್ತಕಗಳು ನಿಂತುದು ಅವರ ಪರೀಕ್ಷೆಯಲ್ಲಿ.

ನಂಬುಗೆಯ ಬೆಲೆಯನ್ನು ಪೂರ್ತಿಯಾಗಿ ತೆತ್ತವರು ಮಾತ್ರ ಪಾದ್ರಿಗಳಲ್ಲ. 1844ನೆಯ ಜನವರಿ 6ರಂದು ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯರೆಂಬ ಸಾರಸ್ವತ ತರುಣರು ಇನ್ನಿಬ್ಬರೊಡನೆ ದೀಕ್ಷಾಸ್ನಾನವನ್ನು ಪಡೆದರು. ಊರಿನಲ್ಲಿ ದೊಡ್ಡ ಗಲಭೆಯೆದ್ದಿತು. ಮಿಷನ್ನಿನ ಇಂಗ್ಲಿಷು ಶಾಲೆಯಿಂದ ಹುಡುಗರನ್ನು ಬಿಡಿಸಿದರು. ಅದುವರೆಗೆ ವಿದ್ಯೆಗೂ ವರ್ತಮಾನಕ್ಕೂ ನಂಬಿಕಸ್ಥರೆಂದು ಹೆಸರಾಗಿದ್ದವರನ್ನು ಮಕ್ಕಳನ್ನು ಕಸಿಯುವವರೆಂದು ಜನ ನೋಡತೊಡಗಿದರು. ಪಾದ್ರಿಗಳ ಬರಹಗಳಲ್ಲಿ ಇದು ವಿಜಯದ ಕಥೆ. ಆ ಮನೆಗಳಲ್ಲಿ ಮರಣದಂತಹ ಸೂತಕ. ಕೌಂಡಿನ್ಯರ ಮಡದಿ ಅವರೊಡನೆ ಬರಲಿಲ್ಲ. ಆ ಹೆಂಗಸಿನ ಕಡೆಯಿಂದ ಈ ಚರಿತ್ರೆಯನ್ನು ಬರೆದವರಿಲ್ಲ.

ಕೌಂಡಿನ್ಯರು ಬಾಸೆಲ್ಲಿಗೆ ಹೋಗಿ ಓದಿ 1851ರಲ್ಲಿ ಪಾದ್ರಿಗಳಾಗಿ ಹಿಂದಿರುಗಿದರು. ಮುಂದೆ ಕೊಡಗಿನಲ್ಲಿ, ಕ್ರೈಸ್ತರಾದ ಹೊಲೆಯರಿಗೆ ನೆಲೆಯಾಗಲೆಂದು ತಮ್ಮ ಸ್ವಂತ ಹಣದಿಂದ ಭೂಮಿಯನ್ನು ಕೊಂಡು ಕಾಫಿಯ ತೋಟವನ್ನು ಮಾಡಿಸಿದರು. ಆ ವಸತಿಗೆ ಆನಂದಪುರವೆಂದು ಹೆಸರಾಯಿತು. ಜಾತಿಭೇದವನ್ನು ಖಂಡಿಸುವ ಕಿರುಪುಸ್ತಕಗಳನ್ನು ಆ ಕಾಲದ ಮಿಷನ್ನುಗಳು ಬಹಳ ಹಂಚುತ್ತಿದ್ದುವು. ಬ್ರಾಹ್ಮಣನಾಗಿ ಹುಟ್ಟಿದವನೊಬ್ಬನು ಪಿತ್ರಾರ್ಜಿತವನ್ನು ಹೊಲೆಯರ ನಡುವೆ ವೆಚ್ಚಮಾಡಿ ಅಲ್ಲಿಯೇ ಬಾಳಿದುದನ್ನು ಕಂಡವರಿಗೆ ಆ ಪುಸ್ತಕಗಳು ಬೇಕಾಗಿರಲಿಲ್ಲ. ಒಡೆಯ ಆಳು ಎಂಬ ಭಾವವು ಆ ತೋಟದಲ್ಲಿ ಪೂರ್ತಿಯಾಗಿ ಅಳಿದಿತ್ತೆಂದು ನಾನು ಹೇಳಲಾರೆ.

ಇನ್ನು ಕಿಟ್ಟೆಲರು. 1853ರಲ್ಲಿ ಬಂದ ಇವರು 1862ರಲ್ಲಿ ‘ಕಥಾಮಾಲೆ’ಯೆಂಬ ಕಾವ್ಯವನ್ನು ಪ್ರಕಟಿಸಿದರು. ಕ್ರಿಸ್ತನ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿ, ಹಾಡಿ ಹೇಳಲು ಬರುವಂತೆ ರಚಿಸಿದರೆ ಜನರ ಎದೆಗೆ ಮುಟ್ಟುವುದೆಂಬುದು ಅವರ ಆಶೆ. ಗೋವೆಯಲ್ಲಿ ಸ್ಟೀಫನ್ಸ್ ಪಾದ್ರಿಯು 1616ರಲ್ಲಿ ಮುದ್ರಿಸಿದ ಮರಾಠಿಯ ಕ್ರಿಸ್ತಪುರಾಣವೂ, ಬೆಸ್ಕಿಯು ತಮಿಳಿನಲ್ಲಿ ಬರೆದ ತೇಂಬಾವಣಿಯೂ ಇಂತಹ ಆಶೆಯಿಂದ ಹುಟ್ಟಿ ಆ ಭಾಷೆಗಳಲ್ಲಿ ಗೌರವದ ಸ್ಥಾನವನ್ನು ಪಡೆದಿವೆ. ಕಥಾಮಾಲೆಗೆ ಆ ಭಾಗ್ಯವಿಲ್ಲವಾಯಿತು. ಛಂದಸ್ಸಿನ ಲಕ್ಷಣವನ್ನು ಬಲ್ಲವರಾದರೂ ಕಿಟ್ಟೆಲರು ಹುಟ್ಟುಕವಿಗಳಲ್ಲವೆಂಬುದು ಒಂದು ಕಾರಣ. ನಮ್ಮ ಉಡುಪನ್ನು ತೊಡಿಸಿದ ಮಾತ್ರಕ್ಕೆ ಮಾತು ನಮ್ಮದಾಗುವುದಿಲ್ಲವೆಂಬುದು ಇನ್ನೊಂದು. ಚಿನ್ನಾಮಿಯ ಕಾವಿಯೂ ಕಿಟ್ಟೆಲರ ಛಂದಸ್ಸೂ ಈ ಒಂದು ವಿಷಯದಲ್ಲಿ ಸಮಾನವಾದುವು.

ಆಮೇಲೆ ಅವರು ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಪ್ರಕಟಿಸಿ, ಸುಮಾರು 70,000 ಶಬ್ದಗಳ ನಿಘಂಟನ್ನು 1894ರಲ್ಲಿ ಹೊರತಂದರು. ಗಾದೆಗಳು, ದಾಸರ ಪದಗಳು, ಬಸವಪುರಾಣ, ಜೈಮಿನಿ ಇವೆಲ್ಲವೂ ಅಲ್ಲಿ ಪ್ರಯೋಗಗಳಾಗಿ ಬರುತ್ತವೆ. ಮೋಗ್ಲಿಂಗರ ಕಲ್ಲಚ್ಚಿನ ಪುಟಗಳು ಹೀಗೆ ಇನ್ನೊಮ್ಮೆ ಉಪಯೋಗಕ್ಕೆ ಬಂದುವು. ಮತಬೋಧಕನಿಗೆ ಒಂದು ಪದವನ್ನು ತನ್ನ ಕಡೆಗೆ ಎಳೆದುಕೊಳ್ಳುವ ಆಶೆ ಸಹಜ. ನಿಘಂಟುಕಾರನು ಹಾಗೆ ಎಳೆಯಕೂಡದು. ಜನರು ಅದನ್ನು ಹೇಗೆ ಬಳಸಿದರೋ ಹಾಗೆ ಬರೆಯಬೇಕು. ಕಥಾಮಾಲೆಯ ಕರ್ತರು ಈ ವ್ರತವನ್ನು ಕೈಕೊಂಡು ಅದರಲ್ಲಿಯೇ ವೃದ್ಧರಾದರು. ಕನ್ನಡಿಗರು ಕಿಟ್ಟೆಲರ ಸುವಾರ್ತೆಯನ್ನು ಕೇಳದಿದ್ದರೂ ಕಿಟ್ಟೆಲರ ಅರ್ಥವನ್ನು ಪ್ರಮಾಣವೆಂದು ತೆಗೆದುಕೊಂಡರು. ಅವರನ್ನು ಕಳುಹಿಸಿದ ಸಂಘದ ಲೆಕ್ಕದಲ್ಲಿ ಇದು ಲಾಭವೋ ನಷ್ಟವೋ ನಿರ್ಣಯಿಸುವುದು ನಮ್ಮ ಕೆಲಸವಲ್ಲ.

ಇದೇ ಮಿಷನ್ನಿನ ನೆರಳಿನಲ್ಲಿ ಬೆಳೆದ ಕನ್ನಡಿಗರೊಬ್ಬರನ್ನು ನೆನೆದು ಮುಗಿಸುತ್ತೇನೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರಿಗೆ ಬೇರೆಯವರ ವೇಷವೂ ಛಂದಸ್ಸೂ ಬೇಕಾಗಿರಲಿಲ್ಲ. ಕನ್ನಡ ಅವರ ಮನೆಯ ಮಾತು. ಹಿಂದೂಗಳನ್ನು ಉದ್ದೇಶಿಸಿ ಬರೆದ ಪುಸ್ತಕಕ್ಕೆ ಅವರು ಇಟ್ಟ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ವಿನಂತಿಯೆಂಬ ಪದವನ್ನು ಅದಕ್ಕೆ ಹಿಂದಿನ ನೂರು ವರ್ಷಗಳ ಕಿರುಪುಸ್ತಕಗಳ ಪಕ್ಕದಲ್ಲಿಟ್ಟು ನೋಡಬೇಕು. ಊರೂರು ಅಲೆದು, ಓಲೆಗಳನ್ನೂ ಬಾಯಿಪಾಠಗಳನ್ನೂ ಕೂಡಿಸಿ, ಸರ್ವಜ್ಞನ ವಚನಗಳನ್ನು ಅವರು 1924ರಲ್ಲಿ ಪ್ರಕಟಿಸಿದರು; ಆ ತ್ರಿಪದಿಗಳ ಶಾಸ್ತ್ರೀಯ ಅಧ್ಯಯನಕ್ಕೆ ಅದೇ ತಳಹದಿಯಾಯಿತು. 1949ರಲ್ಲಿ ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಆ ಪೀಠದಲ್ಲಿ ಕುಳಿತವರಲ್ಲಿ ಕ್ರೈಸ್ತರು ಅವರೇ ಮೊದಲಿಗರು.